ಹೆದ್ದಾರಿ ಮತ್ತು ಸುಂಕದ ಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಜನ ಬಹುಕಾಲದಿಂದ ಕಂಡುಕೊಂಡಿರುವ ಸತ್ಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬಾತನಿದ್ದ. ಬೆಂಗಳೂರಿನಲ್ಲಿ ಸುಂಕದಕಟ್ಟೆಯೆಂಬ ಬಡಾವಣೆ ಇಂದಿಗೂ ಉಂಟು. ನಮ್ಮ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರೂ, ಅವುಗಳ ಆದಾಯವನ್ನು ದೇವಾಲಯಗಳಿಗೆ ದತ್ತಿ ಬಿಟ್ಟ ಸಂಗತಿಯೂ ಮತ್ತೆ ಮತ್ತೆ ಬರುತ್ತವೆ. ಆದರೆ ಆ ಸುಂಕ ಬಹುಮಟ್ಟಿಗೆ ಸರಕಿನ ಮೇಲಿನದು. ದಾರಿಯನ್ನು ಬಳಸುವವನೇ ದಾರಿಯ ವೆಚ್ಚವನ್ನು ತೆರಬೇಕು, ಅದಕ್ಕೆ ಬೇಕಾದ ಬಂಡವಾಳವನ್ನು ಖಾಸಗಿ ಜನರಿಂದ ಸಾಲವಾಗಿ ಎತ್ತಬೇಕು, ಮುಂದೆ ಬರಲಿರುವ ಸುಂಕವನ್ನೇ ಆ ಸಾಲಕ್ಕೆ ಅಡವಿಡಬೇಕು ಎಂಬುದು ಬೇರೆಯೇ ಆದ ವಿಚಾರ. ಇಂಗ್ಲೆಂಡಿನಲ್ಲಿ ಅದು ಸುಮಾರು ಎರಡು ಶತಮಾನಗಳ ಕಾಲ ಒಂದು ವ್ಯವಸ್ಥೆಯಾಗಿಯೇ ನಡೆಯಿತು. ನಮ್ಮ ಹೆದ್ದಾರಿಗಳಲ್ಲಿ ಹಲವು ಇಂದು ಇದಕ್ಕೆ ಹತ್ತಿರದ ಏರ್ಪಾಟುಗಳಲ್ಲಿ ನಿರ್ಮಾಣವಾಗುತ್ತಿರುವುದರಿಂದ ಆ ಕಥೆಯನ್ನು ತುಸು ವಿವರವಾಗಿ ನೋಡುವುದು ಉಚಿತ.

1555ರ ಒಂದು ಕಾನೂನು ಇಂಗ್ಲೆಂಡಿನ ರಸ್ತೆಗಳ ಹೊಣೆಯನ್ನು ಆಯಾ ಗ್ರಾಮದ ಮೇಲೆ ಹೊರಿಸಿತ್ತು. ಊರಿನವರು ವರ್ಷಕ್ಕೆ ನಾಲ್ಕು ದಿನ, ಕೆಲವು ವರ್ಷಗಳ ತರುವಾಯ ಆರು ದಿನ, ಕೂಲಿಯಿಲ್ಲದೆ ರಸ್ತೆಯ ಕೆಲಸಕ್ಕೆ ನಿಲ್ಲಬೇಕು. ಊರೊಳಗಿನ ದಾರಿಗೆ ಈ ಬಿಟ್ಟಿ ಸಾಕಾಗಿದ್ದೀತು. ಆದರೆ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಿನ ಹಳ್ಳಿಯವನ ಪಾಡೇನು? ಅವನ ಊರಿನ ನೆಲವನ್ನು ಕೆಸರುಗುಂಡಿಯಾಗಿಸುತ್ತಿದ್ದುದು ದೂರದ ವರ್ತಕರ ಭಾರದ ಬಂಡಿಗಳು; ಅದನ್ನು ಸರಿಪಡಿಸಬೇಕಾದವನು ಅವನು. ಈ ಅನ್ಯಾಯದ ದೂರು ಕೇಳಿ 1663ರಲ್ಲಿ ಪಾರ್ಲಿಮೆಂಟು ಆ ಹೆದ್ದಾರಿಯ ಒಂದು ಭಾಗದಲ್ಲಿ ಸುಂಕವೆತ್ತಲು ಅನುಮತಿ ಕೊಟ್ಟಿತು. ಹಾರ್ಟ್‌ಫರ್ಡ್‌ಷೈರಿನ ವೇಡ್ಸ್‌ಮಿಲ್ ಎಂಬಲ್ಲಿ ಗೇಟು ನಿಂತಿತು.

ಆಗ ಅಧಿಕಾರವಿದ್ದುದು ಸ್ಥಳೀಯ ನ್ಯಾಯಾಧಿಕಾರಿಗಳ ಕೈಯಲ್ಲಿ. 1706ರಿಂದ ಈಚೆಗೆ ಅದು ‘ಟರ್ನ್‌ಪೈಕ್ ಟ್ರಸ್ಟ್’ ಎಂಬ ಧರ್ಮದರ್ಶಿ ಮಂಡಲಿಗಳಿಗೆ ಬಂದಿತು. ಊರಿನ ಜಮೀನ್ದಾರರು, ವರ್ತಕರು, ಪಾದ್ರಿಗಳು ಸೇರಿ ಪಾರ್ಲಿಮೆಂಟಿಗೆ ಅರ್ಜಿ ಹಾಕುವರು. ಸಾಮಾನ್ಯವಾಗಿ ಇಪ್ಪತ್ತೊಂದು ವರ್ಷಗಳ ಅವಧಿಗೆ ಒಂದು ಕಾನೂನು ಹೊರಡುವುದು. ಆ ಕಾನೂನಿನ ಬಲದಿಂದ ಮಂಡಲಿಯು ಸುಂಕವನ್ನು ಅಡವಿಟ್ಟು ಸಾಲವೆತ್ತಿ ರಸ್ತೆ ಮಾಡಿಸುವುದು. ದರ್ಶಿಗಳಿಗೆ ಸಂಬಳವೂ ಇಲ್ಲ, ಲಾಭಾಂಶವೂ ಇಲ್ಲ. ಸಾಲ ಕೊಟ್ಟವರಿಗೆ ಮಾತ್ರ ಬಡ್ಡಿ. ಸರ್ಕಾರದ ಬೊಕ್ಕಸದಿಂದ ಹಣ ಹೊರಡಲಿಲ್ಲ. ಅದು ಕೊಟ್ಟುದು ಸುಂಕವೆತ್ತುವ ಅಧಿಕಾರವನ್ನಷ್ಟೇ.

ಇದರಿಂದ ಆದ ಪ್ರಯೋಜನ ಸಣ್ಣದಲ್ಲ. 1830ರ ದಶಕದ ವೇಳೆಗೆ ಇಂಥ ಮಂಡಲಿಗಳು ಸಾವಿರಕ್ಕೂ ಮಿಕ್ಕಿದ್ದವು. ಅವುಗಳ ವಶದಲ್ಲಿ ಇಪ್ಪತ್ತು ಸಾವಿರ ಮೈಲಿಗೂ ಹೆಚ್ಚಿನ ರಸ್ತೆಯಿತ್ತು. ಆರನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡ ಜಾನ್ ಮೆಟ್‌ಕಾಫ್ ಎಂಬಾತ 1765ರಿಂದ ಮುಂದಕ್ಕೆ ಯಾರ್ಕ್‌ಷೈರ್ ಮತ್ತು ಅದರ ಸುತ್ತಿನಲ್ಲಿ ಸುಮಾರು 180 ಮೈಲಿ ರಸ್ತೆ ಮಾಡಿಸಿದುದು ಈ ಮಂಡಲಿಗಳ ಗುತ್ತಿಗೆಯಲ್ಲಿಯೇ. ಸಣ್ಣ ಜಲ್ಲಿಯನ್ನು ಹರಡಿ ಗಟ್ಟಿಗೊಳಿಸುವ ವಿಧಾನಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದ ಮೆಕಾಡಂ 1816ರಲ್ಲಿ ಬ್ರಿಸ್ಟಲ್ಲಿನ ಮಂಡಲಿಯ ಸರ್ವೇಯರನಾದವನು. 1750ರ ದಶಕದಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ಹತ್ತು ದಿನ ಹಿಡಿಯುತ್ತಿದ್ದ ಗಾಡಿಯ ಪಯಣ 1830ರ ದಶಕದಲ್ಲಿ ಎರಡು ದಿನಗಳೊಳಗೆ ಮುಗಿಯುತ್ತಿತ್ತು.

ಕೇಡು ಹೊಕ್ಕುದು ವಸೂಲಿಯ ಬಾಗಿಲಿನಿಂದ. ಗೇಟಿನಲ್ಲಿ ಕುಳಿತು ಕಾಸೆಣಿಸುವ ತೊಂದರೆ ಬೇಡವೆಂದು ಮಂಡಲಿಗಳು ಸುಂಕವನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡತೊಡಗಿದವು. ಹರಾಜಿನಲ್ಲಿ ಮೋಸವಾಗದಿರಲೆಂದು 1773ರ ಕಾನೂನು ಒಂದು ಮರಳುಗಡಿಯಾರವನ್ನೇ ವಿಧಿಸಿತ್ತು. ಪ್ರತಿಯೊಂದು ಸವಾಲಿಗೂ ಒಂದು ನಿಮಿಷದ ಮರಳನ್ನು ತಿರುಗಿಸಿಡಬೇಕು. ಮೂರು ಬಾರಿ ಮರಳು ಸುರಿದು ಮುಗಿಯುವವರೆಗೆ ಮತ್ತೊಂದು ಸವಾಲು ಬಾರದಿದ್ದರೆ ಕೊನೆಯ ಸವಾಲಿನವನಿಗೆ ಗುತ್ತಿಗೆ. ಹರಾಜು ನ್ಯಾಯವಾಗಿಯೇ ನಡೆದಿರಬಹುದು. ಆದರೆ ಗೆದ್ದವನ ಲಾಭವೆಂದರೆ ತಾನು ಕಟ್ಟಿದ ಮೊತ್ತಕ್ಕೂ ದಾರಿಹೋಕರಿಂದ ಹಿಂಡಿದ ಮೊತ್ತಕ್ಕೂ ಇರುವ ಅಂತರ. ರಸ್ತೆ ಚೆನ್ನಾಗಿರುವುದರಲ್ಲಿ ಅವನಿಗೆ ಆಸಕ್ತಿಯಿರಬೇಕಾದ ಕಾರಣವಿರಲಿಲ್ಲ. ಸಾಲದ ಹೊರೆ ಹೆಚ್ಚಿದ ಕಡೆಗಳಲ್ಲಿ ಮಂಡಲಿಯ ವರಮಾನವೂ ಬಡ್ಡಿಗೆ ಹೋಗಿ, ಜಲ್ಲಿಗೆ ಉಳಿಯುತ್ತಿದ್ದುದು ಅಲ್ಪ.

ಇದರ ಪರಿಣಾಮವನ್ನು ವೇಲ್ಸಿನ ನೈಋತ್ಯ ಭಾಗದಲ್ಲಿ ಕಾಣಬಹುದು. ಅಲ್ಲಿನ ರೈತನಿಗೆ ಹುಳಿಮಣ್ಣಿನ ಹೊಲಕ್ಕೆ ಹಾಕಲು ಸುಣ್ಣ ಬೇಕು. ಅದನ್ನು ಗೂಡಿನಿಂದ ಬಂಡಿಯಲ್ಲಿ ತರಬೇಕು. ಹಲವು ಮಂಡಲಿಗಳ ಗೇಟುಗಳು ಒತ್ತೊತ್ತಾಗಿ ನಿಂತಿದ್ದುದರಿಂದ ಒಂದು ಬಂಡಿ ಸುಣ್ಣದ ಮೇಲೆ ಬೀಳುವ ಸುಂಕ ಬಡವನ ಬೆನ್ನು ಮುರಿಯುವಂತಿತ್ತು. 1839ರ ಮೇ ತಿಂಗಳಲ್ಲಿ ಎವೈಲ್ವೆನ್ ಎಂಬಲ್ಲಿ ಹೆಂಗಸರ ಉಡುಪು ತೊಟ್ಟ ಗಂಡಸರು ರಾತ್ರಿ ಬಂದು ಗೇಟನ್ನು ಮುರಿದುಹಾಕಿದರು. ಮುಂದಾಳಿನ ಹೆಸರು ರೆಬೆಕ್ಕ; ತನ್ನ ಸಂತತಿಯವರು ವೈರಿಗಳ ಬಾಗಿಲುಗಳನ್ನು ವಶಪಡಿಸಿಕೊಳ್ಳಲೆಂಬ ಹರಕೆ ಪಡೆದ ಬೈಬಲ್ಲಿನ ಹೆಣ್ಣು ಅವಳು. 1842ರಲ್ಲಿ ಈ ದಂಗೆ ಮತ್ತೆ ಹೊತ್ತಿ ಸೇನೆಯನ್ನು ಕರೆಸಬೇಕಾಯಿತು. 1843ರ ಸೆಪ್ಟೆಂಬರಿನಲ್ಲಿ ಹೆಂಡಿ ಎಂಬಲ್ಲಿನ ಗೇಟನ್ನು ಕಾಯುತ್ತಿದ್ದ ಸಾರಾ ವಿಲಿಯಮ್ಸ್ ಎಂಬ ಮುದುಕಿ ಗುಂಡೇಟಿಗೆ ಸಿಕ್ಕಿ ಸತ್ತಳು. ಅವಳು ಗುತ್ತಿಗೆದಾರಳಲ್ಲ, ಸಾಲ ಕೊಟ್ಟವಳಲ್ಲ. ಹೊಟ್ಟೆಪಾಡಿಗಾಗಿ ಗೇಟು ಕಾಯುತ್ತಿದ್ದವಳು. ಮರುವರ್ಷ ಪಾರ್ಲಿಮೆಂಟು ಅಲ್ಲಿನ ಮಂಡಲಿಗಳನ್ನು ಜಿಲ್ಲಾವಾರು ಒಂದುಗೂಡಿಸಿ, ಸುಣ್ಣದ ಮೇಲಿನ ಸುಂಕವನ್ನು ಅರ್ಧಕ್ಕಿಳಿಸಿತು. ಆ ವಿವೇಕ ಐದು ವರ್ಷ ಮೊದಲೇ ಬಂದಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು.

ಕೊನೆಯ ಪೆಟ್ಟು ಕೊಟ್ಟುದು ಮಾತ್ರ ರೈಲು. 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಓಡಿದಂದಿನಿಂದ ದೂರದ ಗಾಡಿಗಳು ಒಂದೊಂದಾಗಿ ನಿಂತವು. ಸುಂಕ ಇಳಿಯಿತು, ಸಾಲ ಇಳಿಯಲಿಲ್ಲ. ಅನೇಕ ಸಾಲಿಗರಿಗೆ ಅಸಲೇ ಪೂರ್ತಿಯಾಗಿ ಹಿಂದಿರುಗಲಿಲ್ಲ. ಮಂಡಲಿಗಳು ವಿಸರ್ಜನೆಗೊಂಡಂತೆಲ್ಲ ರಸ್ತೆಗಳು ಮತ್ತೆ ಸ್ಥಳೀಯ ತೆರಿಗೆದಾರರ ಹೆಗಲಿಗೇ ಬಂದವು. 1888ರ ಕಾನೂನು ಮುಖ್ಯರಸ್ತೆಗಳನ್ನು ಹೊಸ ಜಿಲ್ಲಾ ಕೌನ್ಸಿಲುಗಳಿಗೆ ಒಪ್ಪಿಸಿತು. ಕೊನೆಯ ಮಂಡಲಿ 1895ರಲ್ಲಿ ಮುಗಿಯಿತು.

ನಮ್ಮಲ್ಲಿ 1995ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ ತಂದ ತಿದ್ದುಪಡಿ ಖಾಸಗಿಯವರು ಹೆದ್ದಾರಿ ನಿರ್ಮಿಸಿ ಶುಲ್ಕವೆತ್ತುವುದಕ್ಕೆ ದಾರಿ ತೆರೆಯಿತು. ಕಟ್ಟಿ, ನಡೆಸಿ, ಅವಧಿ ಮುಗಿದ ಮೇಲೆ ಒಪ್ಪಿಸುವ ಕರಾರಿನಲ್ಲಿ ವಾಹನಗಳು ಎಣಿಸಿದಷ್ಟು ಬಾರದಿದ್ದರೆ ನಷ್ಟ ಕಟ್ಟಿದವನದು. ಸಾಲದ ಭಾರದಿಂದ ಅನೇಕ ಕಾಮಗಾರಿಗಳು ಕುಂಟಿದ ಮೇಲೆ, 2016ರಲ್ಲಿ ಮಿಶ್ರ ಪದ್ಧತಿಯೊಂದು ಬಂದಿತು: ನಿರ್ಮಾಣದ ಕಾಲದಲ್ಲಿ ಶೇಕಡ 40ರಷ್ಟನ್ನು ಸರ್ಕಾರ ಕೊಡುವುದು, ಉಳಿದುದನ್ನು ಮುಂದಿನ ವರ್ಷಗಳಲ್ಲಿ ಕಂತುಗಳಾಗಿ ತೀರಿಸುವುದು. ಇದರಲ್ಲಿ ವಾಹನ ಕಡಿಮೆಯಾದರೆ ನಷ್ಟ ಸರ್ಕಾರದ್ದು, ಎಂದರೆ ನಮ್ಮೆಲ್ಲರದು. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿ ಈ ಪದ್ಧತಿಯದು. ಅಲ್ಲಿ ಸುಂಕ ಆರಂಭವಾದಾಗ ಪ್ರತಿಭಟನೆಯೂ ಆಯಿತು.

ಖಾಸಗಿ ಹಣ ಒಳ್ಳೆಯದೋ ಕೆಟ್ಟದೋ ಎಂಬ ವಾದಕ್ಕೆ ಈ ಇತಿಹಾಸ ಉತ್ತರ ಕೊಡುವುದಿಲ್ಲ. ಆ ಹಣವಿಲ್ಲದೆ ಇಂಗ್ಲೆಂಡಿಗೆ ಅಂಥ ರಸ್ತೆಗಳು ಅಷ್ಟು ಬೇಗ ಬರುತ್ತಿರಲಿಲ್ಲ. ಅದು ನಮ್ಮ ಮುಂದಿಡುವ ಪ್ರಶ್ನೆ ಇನ್ನೂ ಸರಳವಾದುದು. ಲೆಕ್ಕ ತಪ್ಪಿದ ದಿನ ನಷ್ಟ ಹೊರುವವರು ಯಾರು, ಸುಣ್ಣದ ಬಂಡಿಯವನು ಗೇಟಿನ ಮುಂದೆ ನಿಂತಾಗ ಅವನ ಮಾತನ್ನು ಕೇಳುವವರು ಯಾರು ಎಂಬುದನ್ನು ಕರಾರು ಬರೆಯುವ ದಿನವೇ ಕೇಳಬೇಕು. ವೇಲ್ಸಿನವರು ಕೇಳಲು ತಡಮಾಡಿದರು.