ಪಿಕಪ್ಪಿನ ತೊಟ್ಟಿಗೆ ಕರಿಯ ಲೇಪ

ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಲೇಪದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ತವರದ ತೆಳುವಾದ ಹೊದಿಕೆಯೊಂದು ಹುಳಿ ಸಾರಿಗೂ ತಾಮ್ರಕ್ಕೂ ನಡುವೆ ನಿಂತು ಎರಡನ್ನೂ ಕಾಯುತ್ತದೆ. ಕಾದ ಪಾತ್ರೆಗೆ ನವಸಾಗರ ಉದುರಿಸಿದಾಗ ಭುಗ್ಗನೆ ಏಳುವ ಬಿಳಿ ಹೊಗೆಯೂ ನೆನಪಿರಬೇಕು. ಕಲಾಯಿಯವನು ಮನೆಯೊಳಗೆ ಬರದೆ ಬೀದಿಯ ಬದಿಯಲ್ಲೇ ಒಲೆ ಹೂಡುತ್ತಿದ್ದ. ಲೇಪ ಪಾತ್ರೆಗೆ, ಹೊಗೆ ಬಯಲಿಗೆ ಎನ್ನುವ ಈ ಏರ್ಪಾಟು ತಪ್ಪಿದರೆ ಏನಾದೀತು ಎಂಬುದನ್ನು ತಿಳಿಯಲು ಅಮೆರಿಕದ ಪಿಕಪ್ ಗಾಡಿಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಪಿಕಪ್ ಎಂದರೆ ಮುಂದೆ ಕಾರಿನಂತೆ ಕೂರುವ ಜಾಗ, ಹಿಂದೆ ಸರಕು ಹೇರುವ ತೆರೆದ ತೊಟ್ಟಿ. ಮೊದಮೊದಲು ಅಲ್ಲಿನ ರೈತರು ಕಾರಿನ ಹಿಂಭಾಗ ತೆಗೆಸಿ ಮರದ ಪೆಟ್ಟಿಗೆ ಕೂಡಿಸಿಕೊಳ್ಳುತ್ತಿದ್ದರು. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ತೊಟ್ಟಿ ಕೂಡಿಸಿ 281 ಡಾಲರಿಗೆ ಮಾರತೊಡಗಿತು. ಮುಂದೆ ಬಹಳ ಕಾಲ ಅನೇಕ ಪಿಕಪ್ಪುಗಳ ತೊಟ್ಟಿಗೆ ಹಲಗೆಯ ತಳವೇ ಇತ್ತು. ಹಲಗೆ ಸವೆದರೆ ಕಿತ್ತು ಇನ್ನೊಂದು ಹಾಕಿದರಾಯಿತು. ಉಕ್ಕಿನ ತಳ ಬಂದಾಗ ಗಟ್ಟಿತನ ಹೆಚ್ಚಿತು, ಜೊತೆಗೆ ತುಕ್ಕಿನ ಕಾಟವೂ ಬಂತು. ಕಲ್ಲು, ಸಲಿಕೆ, ಸೌದೆಗಳನ್ನು ಎಳೆದಾಡಿದರೆ ಬಣ್ಣ ಕಿತ್ತುಹೋಗುತ್ತದೆ. ಕಿತ್ತಲ್ಲಿ ನೀರು ನಿಲ್ಲುತ್ತದೆ. ಚಳಿಯ ಸೀಮೆಗಳಲ್ಲಂತೂ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ತುಕ್ಕಿಗೆ ಹಬ್ಬ.

ಇದಕ್ಕೆ ಮೊದಲು ಕಂಡುಕೊಂಡ ಉಪಾಯ, ತೊಟ್ಟಿಯ ಅಳತೆಗೆ ಎರಕ ಹೊಯ್ದ ಪ್ಲಾಸ್ಟಿಕ್ ಒಳಕವಚ. ನೋಡಲು ಚೆನ್ನ. ಆದರೆ ಅದರ ಅಡಿಯಲ್ಲಿ ನೀರೂ ಮರಳೂ ಸೇರಿಕೊಂಡು, ಗಾಡಿ ಅಲುಗಿದಂತೆಲ್ಲ ಬಣ್ಣವನ್ನು ಉಜ್ಜುತ್ತಿದ್ದವು. ಕವಚ ಎತ್ತಿ ನೋಡಿದವರಿಗೆ ಕೆಳಗೆ ತುಕ್ಕು ಕಾಣುತ್ತಿತ್ತು. ಸಂದಿಯೇ ಇಲ್ಲದಂತೆ ಲೋಹಕ್ಕೆ ಅಂಟಿಕೊಳ್ಳುವ ಲೇಪವೊಂದು ಬೇಕಾಗಿತ್ತು.

ಅದಕ್ಕೆ ಬೇಕಾದ ರಸಾಯನಶಾಸ್ತ್ರ ಆಗಲೇ ಹಳೆಯದು. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಆಟೊ ಬೇಯರ್ ಮತ್ತು ಅವರ ಸಂಗಡಿಗರು ಐಸೋಸಯನೇಟ್ ಎಂಬ ವರ್ಗದ ರಾಸಾಯನಿಕವನ್ನು ಪಾಲಿಯಾಲ್ ಎಂಬ ಇನ್ನೊಂದರೊಡನೆ ಕೂಡಿಸಿ ಪಾಲಿಯುರೆಥೇನ್ ತಯಾರಿಸುವ ದಾರಿ ಕಂಡುಹಿಡಿದಿದ್ದರು. ನಮ್ಮ ಫೋಮ್ ಹಾಸಿಗೆ, ಸೋಫಾದ ಮೆತ್ತೆ, ಫ್ರಿಜ್ಜಿನ ಗೋಡೆಯೊಳಗಿನ ತುಂಬುವಿಕೆ ಎಲ್ಲವೂ ಈ ವಂಶದವೇ. ಈ ಬಗೆಯ ಲೇಪವನ್ನು ತೊಟ್ಟಿಗೆ ಸಿಂಪಡಿಸುವ ವ್ಯಾಪಾರ 1980ರ ದಶಕದ ಕೊನೆಗೆ ಬೆಳೆಯತೊಡಗಿತು. ರೈನೋ ಲೈನಿಂಗ್ಸ್ 1988ರಲ್ಲಿ, ಲೈನ್-ಎಕ್ಸ್ 1993ರಲ್ಲಿ ಆರಂಭವಾದ ಕಂಪನಿಗಳು. ಬಿಸಿ ಮಾಡಿದ ಎರಡು ದ್ರವಗಳು ಪಿಚಕಾರಿಯ ಮೂತಿಯಲ್ಲಿ ಬೆರೆತು, ಭಾರಿ ಒತ್ತಡದಿಂದ ಚಿಮ್ಮಿ, ಕೆಲವೇ ಸೆಕೆಂಡುಗಳಲ್ಲಿ ಒರಟಾದ ರಬ್ಬರಿನಂತೆ ಗಟ್ಟಿಯಾಗುತ್ತವೆ.

ಅಂಗಡಿಯಲ್ಲಿ ಮಾಡಿಸಿದರೆ ನೂರಾರು ಡಾಲರ್ ಖರ್ಚು. ಸ್ವಂತ ಕೈಯಿಂದ ಮಾಡಿಕೊಳ್ಳುವ ಗೀಳು ಇರುವ ಆ ದೇಶದಲ್ಲಿ ಮನೆಯಲ್ಲೇ ಹಚ್ಚುವ ಡಬ್ಬಿಗಳೂ ಬಂದವು. ಹಳೆಯ ಬಣ್ಣವನ್ನು ಒರಟಾಗಿ ಉಜ್ಜಬೇಕು, ಜಿಡ್ಡು ಹೋಗುವಂತೆ ತೊಳೆಯಬೇಕು, ಪೂರಾ ಒಣಗಿಸಬೇಕು, ಬೇಡದ ಕಡೆ ಕಾಗದ ಅಂಟಿಸಬೇಕು. ಆಮೇಲೆ ಮೂಲೆಗಳಿಗೆ ಕುಂಚ, ಬಯಲಿಗೆ ರೋಲರ್ ಅಥವಾ ಗಾಳಿಯ ಪಿಚಕಾರಿ. ಒಂದು ಕೈ ಆರಿದ ಮೇಲೆ ಇನ್ನೊಂದು ಕೈ. ಕೆಲಸ ಅಚ್ಚುಕಟ್ಟಾದರೆ ಲೇಪ ವರ್ಷಗಟ್ಟಲೆ ಬರುತ್ತದೆ. ಇಷ್ಟನ್ನು ಮಾಡುವುದು ಸಾಮಾನ್ಯವಾಗಿ ಗಾಡಿ ನಿಲ್ಲಿಸುವ ಗ್ಯಾರೇಜಿನಲ್ಲಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾರೇಜಿನಿಂದ ಒಳಗೆ ಹೋಗಲು ಒಂದೇ ಒಂದು ಬಾಗಿಲು ಅಡ್ಡ.

ಗಟ್ಟಿಯಾದ ಲೇಪ ಸಾಧು. ಹಸಿಯಾಗಿರುವಾಗ ಹಾಗಲ್ಲ. ಇಂಥ ಲೇಪಗಳಲ್ಲಿ ಹೆಚ್ಚಾಗಿ ಬಳಸುವ ಎಂಡಿಐ ಎಂಬ ಐಸೋಸಯನೇಟ್ ಮಂಜಿನಂತೆ ಗಾಳಿಗೆ ಹಾರಿ ಶ್ವಾಸಕೋಶ ಸೇರಿದರೆ ಆಸ್ತಮಾ ತರಬಲ್ಲದು. ಚರ್ಮದ ಮೇಲೆ ಬಿದ್ದರೂ ಮೈಗೆ ಒಗ್ಗದ ಗುಣ ಬೆಳೆಯಬಹುದು. ಒಮ್ಮೆ ಹಾಗಾದವರಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸೀತು. ಮೂಗಿಗೆ ವಾಸನೆ ಸಿಕ್ಕಿ ಎಚ್ಚರಿಸುತ್ತದೆ ಎನ್ನುವಂತೆಯೂ ಇಲ್ಲ. ಐಸೋಸಯನೇಟ್ ಎಂದೊಡನೆ ನಮಗೆ 1984ರ ಡಿಸೆಂಬರಿನ ಭೋಪಾಲ್ ನೆನಪಾಗುತ್ತದೆ. ಅಲ್ಲಿ ಸೋರಿದ್ದು ಮೀಥೈಲ್ ಐಸೋಸಯನೇಟ್. ಅದು ಬೇಗ ಆವಿಯಾಗುವ, ಬಹಳ ಉಗ್ರವಾದ ಬೇರೆ ವಸ್ತು. ಎರಡನ್ನೂ ಒಂದೇ ಎನ್ನಬಾರದು. ಆದರೆ ಕುಲ ಒಂದೇ ಎಂಬುದನ್ನು ಮರೆಯಲೂಬಾರದು.

2003ರಲ್ಲಿ ಮಿಶಿಗನ್ ರಾಜ್ಯದಲ್ಲಿ ವ್ಯಾನೊಂದರ ನೆಲಕ್ಕೆ ಈ ಲೇಪ ಸಿಂಪಡಿಸಿದ 45 ವರ್ಷದ ಕೆಲಸಗಾರ ಆಸ್ತಮಾ ಉಲ್ಬಣಿಸಿ ತೀರಿಕೊಂಡ. 2006ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಈ ಕಸುಬಿನವರಿಗಾಗಿಯೇ ಎಚ್ಚರಿಕೆಯ ಪುಸ್ತಿಕೆ ಹೊರಡಿಸಿತು. ಸಿಂಪಡಿಸುವವನಿಗೆ ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸಬೇಕು, ಮೈಯೆಲ್ಲ ಮುಚ್ಚಿರಬೇಕು ಎಂದು ಅದು ಹೇಳಿತು. 2011ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮನೆಬಳಕೆಯ ಡಬ್ಬಿಗಳ ಕಡೆಗೂ ಗಮನ ಹರಿಸಿತು. ಯುರೋಪಿನ ಒಕ್ಕೂಟದಲ್ಲಿ 2010ರ ಕೊನೆಯಿಂದ ಎಂಡಿಐ ಇರುವ ವಸ್ತುವನ್ನು ಸಾರ್ವಜನಿಕರಿಗೆ ಮಾರುವಾಗ ಜೊತೆಯಲ್ಲಿ ಕೈಗವಸು ಇಡಬೇಕು. 2023ರ ಆಗಸ್ಟಿನಿಂದ ಈ ಜಾತಿಯ ವಸ್ತು ಬಳಸುವ ಕೆಲಸಗಾರರಿಗೆ ತರಬೇತಿ ಕಡ್ಡಾಯ.

ಈ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದುಕಾಣುತ್ತದೆ. ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಲೇಪ ಬಲು ಬೇಗ ಬಂತು. ಉಸಿರು ಕಾಯುವ ಸಲಕರಣೆ ಅದರ ಹಿಂದೆ ನಿಧಾನವಾಗಿ ಬಂದು, ಎಷ್ಟೋ ಮನೆಗಳ ಗ್ಯಾರೇಜನ್ನು ತಲುಪಲೇ ಇಲ್ಲ. ತೊಟ್ಟಿಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ, ಎದೆಯೊಳಗಿನದು ಕಾಣುವುದಿಲ್ಲ.

ನಮ್ಮ ಊರುಗಳಲ್ಲಿ ಪಿಕಪ್ಪಿಗೆ ಮನೆಯಲ್ಲೇ ಲೇಪ ಹಚ್ಚುವವರು ಕಡಿಮೆ ಇರಬಹುದು. ಆದರೆ ಹೊಸ ಮನೆಯ ಬಾಗಿಲಿಗೆ, ವಾರ್ಡ್‌ರೋಬಿಗೆ ಬಡಗಿಗಳು ಪಿಯು ಪಾಲಿಶ್ ಸಿಂಪಡಿಸುವುದು ಈಗ ಸಾಮಾನ್ಯ. ಪಿಯು ಎಂದರೆ ಪಾಲಿಯುರೆಥೇನ್. ಎರಡು ಡಬ್ಬಿ ಬೆರೆಸುವ ಪಾಲಿಶಿನಲ್ಲಿ ಹಾರ್ಡನರ್ ಎಂದು ಕರೆಯುವುದು ಐಸೋಸಯನೇಟ್ ಕುಲದ್ದೇ. ಬಟ್ಟೆಯ ತುಂಡು ಮೂಗಿಗೆ ಕಟ್ಟಿಕೊಂಡರೆ ಅದು ತಡೆಯದು. ಆ ಕೆಲಸ ನಡೆಯುವ ದಿನ ಮಕ್ಕಳನ್ನೂ ದಮ್ಮಿನವರನ್ನೂ ಬೇರೆ ಮನೆಗೆ ಕಳಿಸಿ, ಕಿಟಕಿಗಳನ್ನು ತೆರೆದಿಡಿ. ಬಿಚ್ಚಿ ಒಯ್ಯಬಹುದಾದ ಬಾಗಿಲುಗಳನ್ನು ಅಂಗಳದಲ್ಲೇ ಸಿಂಪಡಿಸಲು ಹೇಳಿ. ಸರಿಯಾದ ಮುಖವಾಡ ಇದೆಯೇನಪ್ಪಾ ಎಂದು ಸಿಂಪಡಿಸುವ ಹುಡುಗನನ್ನು ಮೊದಲೇ ಕೇಳಿ. ಇಲ್ಲವೆಂದರೆ ಅದರ ಬೆಲೆಯನ್ನೂ ಪಾಲಿಶಿನ ಲೆಕ್ಕದಲ್ಲಿ ಸೇರಿಸಿಬಿಡಿ.