ಕಾರವಾರ–ಅಂಕೋಲಾ ಪರಿಸರ ನೀತಿಯ ಚರಿತ್ರೆ

ಉತ್ತರ ಕನ್ನಡದ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಘಟ್ಟದ ಗುಡ್ಡಗಳು ಕಡಲಂಚಿನವರೆಗೂ ಚಾಚಿವೆ. ಅಣುಸ್ಥಾವರ, ನೌಕಾನೆಲೆ, ಬಂದರು, ಹೆದ್ದಾರಿ ಎಲ್ಲಕ್ಕೂ ಜಾಗ ಬೇಕಾದದ್ದು ಈ ಇಕ್ಕಟ್ಟಿನಲ್ಲೇ. ಹೀಗಾಗಿ ದೇಶದ ಪರಿಸರ ಕಾನೂನುಗಳು ಬಲಗೊಂಡದ್ದನ್ನೂ ಸಡಿಲಗೊಂಡದ್ದನ್ನೂ ಇಲ್ಲಿನವರು ಹತ್ತಿರದಿಂದ ಕಂಡಿದ್ದಾರೆ.

1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಗ ಸರ್ಕಾರಕ್ಕೆ ಕಾಡೆಂದರೆ ಮುಖ್ಯವಾಗಿ ನಾಟಾ ಮತ್ತು ವರಮಾನ. 1878ರ ಅರಣ್ಯ ಕಾಯ್ದೆ ಕಾಡಿನ ಮೇಲೆ ಹಳ್ಳಿಗರಿಗಿದ್ದ ಹಕ್ಕುಗಳನ್ನು ಬಿಗಿಗೊಳಿಸಿತು. ಈ ದೃಷ್ಟಿ ಸ್ವಾತಂತ್ರ್ಯದ ನಂತರವೂ ಬಹುಕಾಲ ಉಳಿಯಿತು. ಕಾಡನ್ನು ಬೇರೆ ಬಳಕೆಗೆ ಕೊಡಲು ಕೇಂದ್ರದ ಒಪ್ಪಿಗೆ ಕಡ್ಡಾಯವಾದದ್ದು 1980ರಲ್ಲಿ. ಕಾಯ್ದೆಗಳ ಆಚೆಗೆ, ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಳ ಕಾಲ ದಿನಗೂಲಿಯ ಮೇಲೆ ಬೀಜ ಆರಿಸಿ ಸಸಿ ಬೆಳೆಸಿದರು. ಆ ದುಡಿಮೆಗೆ ಈ ಚರಿತ್ರೆಯಲ್ಲಿ ಯಾವ ಕಾಯ್ದೆಗೂ ಕಡಿಮೆಯಲ್ಲದ ಸ್ಥಾನವಿದೆ.

ಗಂಗಾವಳಿ ನದಿ ಘಟ್ಟದ ಮೇಲೆ ಬೇಡ್ತಿ ಎಂದೇ ಪರಿಚಿತ. ಅದಕ್ಕೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯನ್ನು ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಲಾಭನಷ್ಟದ ಲೆಕ್ಕ ಮುಂದಿಟ್ಟು ಪ್ರಶ್ನಿಸಿದರು. 1980ರ ದಶಕದ ಆರಂಭದಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಹಾಗಾಗಲಿಲ್ಲ. ಕಾಳಿ ನದಿಯ ಕಣಿವೆಯಲ್ಲಿ ಅಣುಸ್ಥಾವರ ಬೇಡವೆಂದು ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು, ಸೋತರು. 1994ರಲ್ಲಿ, ಕಟ್ಟುತ್ತಿದ್ದ ಹಂತದಲ್ಲೇ, ಒಂದು ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ಆದರೂ 2000ದಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಈಗ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕಗಳಿಗೆ ಒಪ್ಪಿಗೆ ಸಿಕ್ಕಾಗ ಜನರನ್ನು ಕೇಳಬೇಕೆಂಬ ನಿಯಮವೇ ಇರಲಿಲ್ಲ. ಸಾರ್ವಜನಿಕ ಅಹವಾಲು ಕಡ್ಡಾಯವಾದದ್ದು 1997ರಲ್ಲಿ. 5 ಮತ್ತು 6ನೇ ಘಟಕಗಳಿಗಾಗಿ 2018ರಲ್ಲಿ ಅಹವಾಲು ಸಭೆ ನಡೆದು, ತೀವ್ರ ವಿರೋಧ ದಾಖಲಾಯಿತು. ಮರುವರ್ಷವೇ ಪರಿಸರ ಅನುಮತಿ ಸಿಕ್ಕಿತು. ಸರ್ಕಾರ ಜನರ ಮಾತು ಕೇಳಿಸಿಕೊಳ್ಳಲೇಬೇಕು, ಅದರಂತೆ ನಡೆಯಬೇಕಾಗಿಲ್ಲ. ನೀತಿಯ ಬಹುದೊಡ್ಡ ಕೊರತೆ ಇದೇ.

ಕಡಲಂಚಿನ ಮೇಲೆ ಸರ್ಕಾರದ ಗಮನ ಹರಿದದ್ದು 1981ರಲ್ಲಿ. ತೀರದಿಂದ 500 ಮೀಟರ್ ಒಳಗೆ ಕಟ್ಟಡಗಳು ಏಳದಂತೆ ನೋಡಿಕೊಳ್ಳಿ ಎಂದು ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳಿಗೆ ಪತ್ರ ಬರೆದರು. 1991ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಅದನ್ನು ಕಾನೂನಾಗಿಸಿತು. ಆದರೆ ರಕ್ಷಣಾ ಕಾಮಗಾರಿ ಮತ್ತು ಬಂದರುಗಳಿಗೆ ದಾರಿ ಬಿಟ್ಟಿತು. ಅಷ್ಟರಲ್ಲಾಗಲೇ, 1986ರಲ್ಲಿ, ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಗಿತ್ತು. ಅದಕ್ಕಾಗಿ ಎರಡೂ ತಾಲ್ಲೂಕುಗಳ 4,000ಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. 2019ರ ಅಧಿಸೂಚನೆಯಂತೂ ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು.

ನಂತರದ ದಿನಗಳಲ್ಲಿ ಜನ ಹೆಚ್ಚಾಗಿ ನ್ಯಾಯಾಲಯದ ಮೊರೆ ಹೊಕ್ಕರು. ಕಾರವಾರ ಬಂದರಿನ ವಿಸ್ತರಣೆಯಿಂದ ಟ್ಯಾಗೋರ್ ಕಡಲತೀರವೂ ಬದುಕೂ ಹೋಗುತ್ತವೆಂದು ಮೀನುಗಾರರು ಬೀದಿಗಿಳಿದರು. 2020ರ ಜನವರಿಯಲ್ಲಿ ಹೈಕೋರ್ಟ್ ಕಾಮಗಾರಿಗೆ ತಡೆ ಕೊಟ್ಟಿತು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗವನ್ನು ಕೇಂದ್ರ ಪರಿಸರ ಸಚಿವಾಲಯ 2004ರಲ್ಲಿ ನಿರಾಕರಿಸಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿತು. ಜೂನ್‌ನಲ್ಲಿ ಹೈಕೋರ್ಟ್ ತಡೆಯಿತು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯಲ್ಲಿದ್ದವರನ್ನು ಗಂಗಾವಳಿಗೆ ತಳ್ಳಿತು. ಅದೇ ತಿಂಗಳ ಕೊನೆಗೆ ಕೇಂದ್ರವು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಅದಕ್ಕೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅಂಕೋಲಾದ ಕೇಣಿಯಲ್ಲಿ ಹೊಸ ವಾಣಿಜ್ಯ ಬಂದರಿನ ಯೋಜನೆ ಮುಂದುವರಿದಿದೆ. ಅಲ್ಲಿನ ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ.