ಸಾಲ ಕೊಟ್ಟರು, ಗಿರಾಕಿ ಕೊಡಲಿಲ್ಲ

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ತಿಂಗಳು ಯಲಹಂಕ ನ್ಯೂ ಟೌನಿನಲ್ಲಿ ಸಣ್ಣ ಉದ್ದಿಮೆ ಮಾಡೋರಿಗೆ ಅಂತ ಒಂದು ತರಬೇತಿ ಇತ್ತು. ಭಾನುವಾರ ಆಫೀಸಿಗೆ ರಜೆ, ಹಾಗಾಗಿ ಭಾವನ ಜೊತೆ ನಾನೂ ಹೋಗಿ ಕೂತೆ. ಪರದೆ ಮೇಲೆ ಒಂದು ಪಟ್ಟಿ ಬಂತು. ವ್ಯಾಪಾರ ಬೆಳೆಸುವಾಗ ಎಲ್ಲರಿಗೂ ಎದುರಾಗುವ ಅಡ್ಡಿಗಳು: ಬಂಡವಾಳ ಸಾಲದು, ಗಿರಾಕಿ ಸಿಗೋದಿಲ್ಲ, ಒಳ್ಳೆ ಜಾಗ ಇಲ್ಲ, ಬಾಕಿ ವಸೂಲಾಗಲ್ಲ. ಹೇಳಿದವರು ಚೆನ್ನಾಗಿಯೇ ಹೇಳಿದರು. ಭಾವ ಮಾತ್ರ ನನ್ನ ಕಡೆ ಬಗ್ಗಿ, "ಎಲ್ಲಾ ಸರಿ ಕಣಪ್ಪಾ, ದೇವರ ಮನೆ ವಿಷಯ ಬರೀಲೇ ಇಲ್ವಲ್ಲ" ಅಂದರು.

ಆ ದೇವರ ಮನೆ ವಿಷಯ ಏನು ಅಂತ ಹೇಳ್ತೀನಿ. ಭಾವ ಪೇಂಟಿಂಗ್ ಮೇಸ್ತ್ರಿ. 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ಯಲಹಂಕದ ಸುತ್ತ ಲೇಔಟುಗಳು ಎದ್ದವು, ಕೆಲಸಕ್ಕೆ ಬರ ಇರಲಿಲ್ಲ. ನಾಲ್ಕು ಹುಡುಗರನ್ನ ಇಟ್ಕೊಂಡು ಒಂದು ಮನೆ ಮುಗಿಸುತ್ತಾ ಬಂದಿದ್ದರು. ಮಾತಿಗೆ ಮಾತು ಬಂದು, ಊರು ಯಾವುದು, ಊರಲ್ಲಿ ಮನೆ ಯಾವ ಕಡೆ ಅಂತ ಮನೆ ಯಜಮಾನರು ಕೇಳಿದರು. ಭಾವ ಸುಳ್ಳು ಹೇಳಲಿಲ್ಲ. ಮಾರನೇ ದಿನ, "ದೇವರ ಮನೆಗೆ ಬೇರೆಯವರು ಬರ್ತಾರೆ, ನೀವು ಬಿಡಿ" ಅಂದರು. ಕೂಲಿ ಪೂರ್ತಿ ಕೊಟ್ಟರು. ಆದರೆ ಅದೇ ಸಾಲಿನಲ್ಲಿ ಮಾತಾಗಿದ್ದ ಇನ್ನೂ ಮೂರು ಮನೆ ಕೈಬಿಟ್ಟವು. ಭಾವನಿಗೆ ಕೆಲಸ ಗೊತ್ತಿತ್ತು, ಹುಡುಗರಿದ್ದರು, ನೂರಕ್ಕೆ ಮೂರು ರೂಪಾಯಿ ಬಡ್ಡಿಗಾದರೂ ಸರಿ ದುಡ್ಡೂ ಹುಟ್ಟುತ್ತಿತ್ತು. ಹೋಗಿದ್ದು ಗಿರಾಕಿ.

ಇದೇನು ಹೊಸದಲ್ಲ. ಬಾಬಾಸಾಹೇಬರು ಒಂದು ಸಣ್ಣ ವ್ಯಾಪಾರ ಮಾಡಿದ್ದರು ಅನ್ನೋದು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು? ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ 1917ರಲ್ಲಿ ವಾಪಸ್ ಬಂದರು. ವಿದ್ಯಾರ್ಥಿವೇತನ ಕೊಟ್ಟಿದ್ದ ಬರೋಡಾ ಸಂಸ್ಥಾನದಲ್ಲಿ ನೌಕರಿಗೆ ಸೇರಿದರು. ಅಲ್ಲಿ ಜವಾನರು ಫೈಲುಗಳನ್ನ ದೂರದಿಂದ ಎಸೆಯುತ್ತಿದ್ದರು, ಉಳಿದುಕೊಂಡಿದ್ದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಇಷ್ಟು ನಮ್ಮ ಭಾಷಣಗಳಲ್ಲಿ ಬರುತ್ತೆ. ಆಮೇಲಿನದು ಬರೋದಿಲ್ಲ. ಮುಂಬೈಗೆ ಮರಳಿ, ಸಂಸಾರ ನಡೆಸೋಕೆ ಅವರು ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆ ತೆರೆದರು. ಸಲಹೆ ಕೊಡುವವರು ಅಸ್ಪೃಶ್ಯರು ಅಂತ ಗೊತ್ತಾಗುತ್ತಿದ್ದ ಹಾಗೆ ಗಿರಾಕಿಗಳು ಬರೋದು ನಿಲ್ಲಿಸಿದರು. ಸಂಸ್ಥೆ ಮುಚ್ಚಿತು. 1918ರ ಕೊನೆಗೆ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಅಲ್ಲೂ ನೀರಿನ ಮಡಕೆ ಮುಟ್ಟಬಾರದು ಅಂತ ಜೊತೆಯವರು ತಕರಾರು ತೆಗೆದರು.

ರೂಪಾಯಿಯ ಸಮಸ್ಯೆ ಬಗ್ಗೆ ಮುಂದೆ ಲಂಡನ್ನಿನಲ್ಲಿ ಪ್ರಬಂಧ ಬರೆದ ಮನುಷ್ಯನಿಗೆ ಹಣಕಾಸಿನ ತಿಳಿವಳಿಕೆ ಕಡಿಮೆ ಇತ್ತಾ? ತರಬೇತಿ ಬೇಕಿತ್ತಾ? ಅಂದರೆ ಈ ಅಡ್ಡಿ ಬೇರೆ ಜಾತಿಯದು.

ಈಗ ನಮ್ಮ ರಾಜ್ಯಕ್ಕೆ ಬರೋಣ. 1975ರಲ್ಲಿ ಪರಿಶಿಷ್ಟರ ಅಭಿವೃದ್ಧಿ ನಿಗಮ ಬಂತು, ಇವತ್ತಿನ ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮ ಅದೇ. 1976ರಲ್ಲಿ ಚರ್ಮೋದ್ಯಮಕ್ಕೆ ಅಂತ ಲಿಡ್ಕರ್ ಬಂತು. ಇವುಗಳಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿದಿದೆ, ಅದನ್ನ ಅಲ್ಲಗಳೆಯಲ್ಲ. ಆದರೆ ಕೊಟ್ಟಿದ್ದು ಏನು ನೋಡಿ. ಎರಡು ಹಸು, ಒಂದು ಹೊಲಿಗೆ ಯಂತ್ರ, ಒಂದು ಆಟೋ, ಚಪ್ಪಲಿ ಹೊಲಿಯೋರಿಗೆ ರಸ್ತೆ ಬದಿ ಒಂದು ಪೆಟ್ಟಿಗೆ ಅಂಗಡಿ. ಎಲ್ಲವೂ ಶುರು ಮಾಡೋಕೆ, ಬೆಳೆಯೋಕೆ ಅಲ್ಲ. 2015ರ ಮುದ್ರಾ, 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಬಂದಾಗ ಮೊತ್ತ ದೊಡ್ಡದಾಯ್ತು. ಸ್ಟ್ಯಾಂಡ್ ಅಪ್‌ನಲ್ಲಿ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಸಿಗುತ್ತಿತ್ತು. ಆದರೂ ಅದು ಸಾಲವೇ. ಗಿರಾಕಿ ಇಲ್ಲದವನಿಗೆ ಸಾಲ ಕೊಟ್ಟರೆ ಉಳಿಯೋದು ಕಂತು ಮಾತ್ರ.

ನಮ್ಮ ತಪ್ಪೂ ಇದೆ. 70ರ ದಶಕದಿಂದ ನಮ್ಮ ಚಳವಳಿ ಭೂಮಿ ಕೇಳಿತು, ಹಾಸ್ಟೆಲ್ ಕೇಳಿತು, ನೌಕರಿ ಕೇಳಿತು. ಕೇಳಿದ್ದಕ್ಕೇ ನಾನು ಬಿ.ಎ. ಓದಿ ಗುಮಾಸ್ತ ಆದೆ. ಆದರೆ ವ್ಯಾಪಾರ ಅಂದರೆ ಅದು ಬೇರೆಯವರದ್ದು ಅಂತ ಬಹಳ ಕಾಲ ಬಿಟ್ಟುಬಿಟ್ಟೆವು.

ಗಿರಾಕಿಯನ್ನೇ ಹಕ್ಕಾಗಿ ಕೇಳುವ ಮಾತು ಬಂದಿದ್ದು ಬೇರೆ ಕಡೆಯಿಂದ. ಅಮೆರಿಕದಲ್ಲಿ ಕಪ್ಪು ಜನರ ಹೋರಾಟದ ನಂತರ, 60ರ ದಶಕದ ಕೊನೆಯಿಂದ, ಸರ್ಕಾರದ ಖರೀದಿಯಲ್ಲಿ ಅವರ ಉದ್ದಿಮೆಗಳಿಗೆ ಪಾಲು ಕೊಡೋದು ಶುರುವಾಯ್ತು. ಅದನ್ನು ನೋಡಿ, 2002ರ ಜನವರಿಯ ಭೋಪಾಲ್ ಘೋಷಣೆಯಲ್ಲಿ ನಮ್ಮವರೂ ಅದನ್ನೇ ಕೇಳಿದರು. 2012ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳು, ಉದ್ಯಮಗಳು ಮಾಡುವ ಖರೀದಿಯಲ್ಲಿ ಶೇ. 4ರಷ್ಟನ್ನು ಎಸ್‌ಸಿ, ಎಸ್‌ಟಿಗಳ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತ ಆದೇಶ ಮಾಡಿತು. ಕರ್ನಾಟಕ 2016ರ ತಿದ್ದುಪಡಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆ, ಅಂದರೆ ಆಫೀಸಿನಲ್ಲಿ ನಾವು ಕೆಟಿಪಿಪಿ ಅನ್ನೋದು, ಅದರಲ್ಲಿ 50 ಲಕ್ಷದವರೆಗಿನ ಕಾಮಗಾರಿಗಳ ಪೈಕಿ ಶೇ. 17.15 ಎಸ್‌ಸಿಗಳಿಗೆ, ಶೇ. 6.95 ಎಸ್‌ಟಿಗಳಿಗೆ ಮೀಸಲಾಯ್ತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು.

ಬಾಬಾಸಾಹೇಬರ ಸಂಸ್ಥೆ ಮುಚ್ಚಿದ ಹೆಚ್ಚುಕಡಿಮೆ ನೂರು ವರ್ಷಕ್ಕೆ, ದೇವರ ಮನೆಯ ಮಾತು ಎತ್ತೋಕೆ ಆಗದ ಒಬ್ಬ ಗಿರಾಕಿ ಕಾನೂನಿನಲ್ಲಿ ಸಿಕ್ಕಿದ. ನನ್ನ ಪ್ರಕಾರ ನಮ್ಮ ಉದ್ದಿಮೆಗಳ ಚರಿತ್ರೆಯಲ್ಲಿ ಯಾವ ಸಾಲ ಯೋಜನೆಗಿಂತಲೂ ಇದು ದೊಡ್ಡದು.

ಈಗ ಹೇಳೋಕೆ ಕಷ್ಟವಾದ ಮಾತು. ಭಾವ ನಾಲ್ಕನೇ ದರ್ಜೆ ಗುತ್ತಿಗೆದಾರರಾಗಿ ನೋಂದಣಿ ಮಾಡಿಸಿದರು. ಮೊದಲ ವರ್ಷವೇ ಒಬ್ಬ ದೊಡ್ಡ ಗುತ್ತಿಗೆದಾರ ಮನೆಗೆ ಬಂದ. "ನಿಮ್ಮ ಲೈಸೆನ್ಸ್ ಕೊಡಿ, ಕೆಲಸ ನಾನು ಮಾಡ್ಕೋತೀನಿ, ನಿಮಗೆ ಪರ್ಸೆಂಟ್." ಅಕ್ಕನ ಮಗಳ ಕಾಲೇಜು ಫೀಸು ಕಟ್ಟೋ ಸಮಯ. ಭಾವ ಒಂದು ಚರಂಡಿ ಕಾಮಗಾರಿಗೆ ಸಹಿ ಹಾಕಿ ಕೊಟ್ಟರು. ಅರ್ಜಿ ತುಂಬಿದ್ದು ಯಾರು? ನಾನೇ. ಫೈಲು ಹೇಗೆ ಓಡುತ್ತೆ ಅಂತ ಬಲ್ಲವನು, ಬಾಯಿ ಬಿಡಲಿಲ್ಲ. ಬಿಲ್ಲು ಭಾವನ ಖಾತೆಗೆ ಬಂದು ಅದೇ ದಿನ ಹೊರಟು ಹೋಯ್ತು. ಜಿಎಸ್‌ಟಿ ನೋಟಿಸು ಮಾತ್ರ ಭಾವನ ಹೆಸರಿಗೆ ಬಂತು. ಅದನ್ನ ತೀರಿಸೋಕೆ ಎರಡು ವರ್ಷ ಹಿಡೀತು. ಸಿಕ್ಕಿದ ಪರ್ಸೆಂಟು ಬಡ್ಡಿಗೂ ಸಾಲಲಿಲ್ಲ. ಮೀಸಲಿಟ್ಟ ಕೆಲಸ ಕಾಗದದಲ್ಲಿ ನಮ್ಮದು, ಗದ್ದೆಯ ಪೈರು ಇನ್ನೊಬ್ಬರದು.

ಹಾಗಂತ ಮೀಸಲಾತಿಯೇ ವ್ಯರ್ಥ ಅನ್ನೋರ ಬಾಯಿಗೆ ನಾನು ಮಾತು ಕೊಡಲ್ಲ. ಭಾವ ಆಮೇಲೆ ಒಂದು ಸಮುದಾಯ ಭವನದ ಪೇಂಟಿಂಗ್ ಕೆಲಸ ತಾವೇ ಹಿಡಿದು, ತಾವೇ ನಿಂತು ಮುಗಿಸಿದರು. ಬಿಲ್ ಏಳು ತಿಂಗಳು ತಡ ಆಯ್ತು, ಅಕ್ಕನ ಓಲೆ ಅಡ ಇಡಬೇಕಾಯ್ತು. ಆದರೆ ಅನುಭವದ ಪ್ರಮಾಣಪತ್ರ ಕೈಗೆ ಬಂತು. ಅದರ ಮೇಲೆ ಎರಡನೇ ಕೆಲಸ ಬಂತು. ಈಗ ಹುಡುಗರು ಒಂಬತ್ತು ಜನ.

ಹಾಗಾಗಿ ನಮ್ಮ ಹುಡುಗರಿಗೆ, ಹುಡುಗಿಯರಿಗೆ ಒಂದಷ್ಟು ಮಾತು. ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಒಂದು ರೂಪಾಯಿ ಶುಲ್ಕವೂ ಇಲ್ಲ, ಯಾವ ಏಜೆಂಟಿಗೂ ಕೊಡಬೇಡಿ. ನೋಂದಣಿ ಇದ್ದರೆ, ನೀವು ಸರಕು, ಸೇವೆ ಕೊಟ್ಟ ಮೇಲೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತೆ. ಒಂದು ಮಿತಿಯವರೆಗಿನ ಸಾಲಕ್ಕೆ ಸಣ್ಣ ಉದ್ದಿಮೆಯಿಂದ ಬ್ಯಾಂಕು ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೇಳಿದರೆ, ಬರಹದಲ್ಲಿ ಕೊಡಿ ಅನ್ನಿ. ಲೈಸೆನ್ಸ್ ಮಾತ್ರ ಯಾರಿಗೂ ಕೊಡಬೇಡಿ, ಅದು ನಿಮ್ಮ ಪಹಣಿ ಇದ್ದ ಹಾಗೆ.

ಸಂಘಟನೆಯ ಗೆಳೆಯರಿಗೆ ಒಂದು ಕೆಲಸ. ನಿಮ್ಮ ನಗರಸಭೆ, ಪಂಚಾಯಿತಿ, ಲೋಕೋಪಯೋಗಿ ವಿಭಾಗಕ್ಕೆ ಒಂದೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಮೂರೇ ಪ್ರಶ್ನೆ: ಈ ವರ್ಷ 1 ಕೋಟಿಯೊಳಗಿನ ಕಾಮಗಾರಿ ಎಷ್ಟು, ಅದರಲ್ಲಿ ಎಸ್‌ಸಿ, ಎಸ್‌ಟಿಗೆ ಮೀಸಲಿಟ್ಟಿದ್ದು ಎಷ್ಟು, ಬಿಲ್ ಬಾಕಿ ಎಷ್ಟು? ಯಲಹಂಕದ ಅರ್ಜಿಗಳನ್ನ ಬರೆದಿಟ್ಟಿದ್ದೀನಿ, ಸೋಮವಾರ ಊಟದ ಹೊತ್ತಿನಲ್ಲಿ ಹೋಗಿ ಕೊಡ್ತೀನಿ. ನಮೂನೆ ಬೇಕಾದವರು ಕೇಳಿ, ಕಳಿಸ್ತೀನಿ.

ಜೈ ಭೀಮ್.